ಗೋಡೆಯಾಚೆಯ ಐವರು ಟೈಪಿಸ್ಟರು

ನಾಟಕದ ಎರಡನೆಯ ಅಂಕದಲ್ಲಿ ಗುಮಾಸ್ತೆಯೊಬ್ಬಳು ರಾಜೀನಾಮೆ ಕೊಡುತ್ತಾಳೆ. ಆಗ ಪಕ್ಕದ ಕೋಣೆಯಲ್ಲಿ ಐವರು ಟೈಪಿಸ್ಟರು ಕೆಲಸ ಮಾಡುವುದು ಕೇಳಿಸಬೇಕು, ಕಾಣಿಸಬಾರದು. ಆ ಸದ್ದು ನನ್ನ ಜವಾಬ್ದಾರಿ. ಹಗಲು ಕನ್ನಡಕದ ಅಂಗಡಿಯ ಕೆಲಸ, ಸಂಜೆ ಧ್ವನಿವಿನ್ಯಾಸದ ತರಗತಿ ಎಂದು ಎರಡು ವರ್ಷ ಓಡಾಡಿ ಕಲಿತ ವಿದ್ಯೆಗೆ ಸಿಕ್ಕ ಮೊದಲ ಕೆಲಸ.

ಹಳೆಯ ಟೈಪ್‌ರೈಟರಿನಿಂದ ನಲವತ್ತು ತುಣುಕು ಸದ್ದು ರೆಕಾರ್ಡ್ ಮಾಡಿಕೊಂಡಿದ್ದೆ: ಕೀಲಿಗಳ ಬಡಿತ, ಸಾಲು ಮುಗಿಯುವಾಗಿನ ಗಂಟೆ, ಕಾಗದ ಹೊತ್ತ ಕ್ಯಾರೇಜ್ ಮತ್ತೆ ಸಾಲಿನ ಮೊದಲಿಗೆ ಸರಿಯುವುದು. ಯಾವ ತುಣುಕು ಯಾವ ಕ್ಷಣಕ್ಕೆ ಎಂಬುದನ್ನು ಸಾಫ್ಟ್‌ವೇರ್ ಚೀಟಿ ಎತ್ತಿದ ಹಾಗೆ ತಾನೇ ಆರಿಸುತ್ತಿತ್ತು. ಒಂದೇ ತುಣುಕು ಪದೇ ಪದೇ ಬಂದರೆ ಜನ ಕಂಡುಹಿಡಿದಾರೆಂಬ ಹೆದರಿಕೆಯಿಂದ ನಲವತ್ತಕ್ಕೂ ಸಮ ಅವಕಾಶ ಕೊಟ್ಟೆ. ಎರಡು ಸದ್ದು ಒಟ್ಟಿಗೆ ಬೀಳದಂತೆ ತಡೆ ಹಾಕಿದೆ. ಅರ್ಧ ಗಂಟೆ ಓಡಿಸಿ, ಯಾವುದು ಎಷ್ಟು ಸಲ ಬಂತೆಂದು ಗೀಟು ಹಾಕಿ ನೋಡಿದೆ. ಒಂದಕ್ಕೂ ಅನ್ಯಾಯವಾಗಿರಲಿಲ್ಲ.

ನಿರ್ದೇಶಕಿ ಕಣ್ಣು ಮುಚ್ಚಿ ಕೇಳಿದರು. "ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿದೆಯಮ್ಮ. ಶನಿವಾರದ ರಿಹರ್ಸಲ್ಲಿಗೆ ಸರಿಹೋಗದಿದ್ರೆ ಟೈಪಿಸ್ಟರನ್ನೇ ತೆಗೆದುಬಿಡ್ತೀನಿ. ಬೇಜಾರು ಮಾಡ್ಕೋಬೇಡ."

ನನಗೆ ನೆನಪಾದದ್ದು ದೊಡ್ಡತ್ತೆ, ಅಪ್ಪನ ಅಕ್ಕ. ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವರು. ಲ್ಯಾಪ್‌ಟಾಪ್ ಹಿಡಿದು ಹೋದಾಗ ಒಗೆದ ಬಟ್ಟೆ ಮಡಿಸುತ್ತಿದ್ದರು. ಅವರ ಕಿವಿಗೆ ಹೆಡ್‌ಫೋನ್ ಹಾಕಿದೆ. ಅರೆನಿಮಿಷದಲ್ಲಿ ಕಿತ್ತು ಕೈಗೆ ಕೊಟ್ಟರು.

"ಇದೇನೇ ಇದು, ಆಫೀಸೋ ಐಸ್‌ಕ್ರೀಂ ಗಾಡಿಯೋ? ಹತ್ತು ಅಕ್ಷರಕ್ಕೊಂದು ಗಂಟೆ!"

"ಎಲ್ಲಾ ಸದ್ದಿಗೂ ಸಮ ಅವಕಾಶ ಕೊಟ್ಟಿದೀನಿ ಅತ್ತೆ."

"ಸಮಪಾಲು ಮಾಡೋಕೆ ಇದೇನು ಆಸ್ತಿಯಾ? ಆಸ್ತಿಯಲ್ಲೇ ಯಾರೂ ಮಾಡಲ್ಲ! ಗಂಟೆ ಬರೋದು ಅರವತ್ತು ಅಕ್ಷರ ಹೊಡೆದ ಮೇಲೆ. ಹೋಗ್ಲಿ, ಐದು ಜನ ಅಂದ್ಯಲ್ಲ, ಇವರಲ್ಲಿ ಯಾರು ಯಾರು?"

"ಯಾರೂ ಇಲ್ಲ ಅತ್ತೆ. ಬರೀ ಸದ್ದು."

"ಅದಕ್ಕೇ ಹೀಗಿದೆ."

ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಬೆರಳಿಟ್ಟರು. "ಇವಳು ನಮ್ಮ ಆಫೀಸಿನ ಎಕ್ಸ್‌ಪ್ರೆಸ್." ಬೆರಳುಗಳು ಉಸಿರು ತೆಗೆದುಕೊಳ್ಳದೆ ಸಾಲಿನ ಕೊನೆಯವರೆಗೆ ಓಡಿದವು. "ಇವಳು ಇಣುಕವ್ವ. ಸಾಹೇಬರ ಕೈಬರಹ ಓದೋಕಾಗದೆ ಪದಪದಕ್ಕೂ ಇಣುಕೋಳು." ನಾಲ್ಕು ಬಡಿತ, ಬಿಡುವು, ಐದು ಬಡಿತ, ಬಿಡುವು. "ಇವಳು ಜಗಳಗಂಟಿ. ಗಂಡನ ಮೇಲಿನ ಕೋಪವೆಲ್ಲ ಕೀಲಿ ಮೇಲೆ. ಇವಳು ಹೊಸಬಳು, ಹುಡುಕಿ ಹುಡುಕಿ ಒಂದೊಂದೇ."

"ಐದನೆಯವರು?"

"ನಾನು ಕಣೇ. ಇನ್ಯಾರು?"

ಹತ್ತೂ ಬೆರಳು ಒಂದೇ ಎತ್ತರಕ್ಕೆ ಏಳುತ್ತ ಇಳಿಯುತ್ತ ಇದ್ದವು. ಕಿರುಬೆರಳಿನ ಪೆಟ್ಟಿಗೂ ಹೆಬ್ಬೆರಳಿನ ಪೆಟ್ಟಿಗೂ ವ್ಯತ್ಯಾಸವೇ ಇರಲಿಲ್ಲ. ಆಮೇಲೆ ಎಡಗೈಯಲ್ಲಿ ಎಕ್ಸ್‌ಪ್ರೆಸ್, ಬಲಗೈಯಲ್ಲಿ ಇಣುಕವ್ವ, ಇಬ್ಬರನ್ನೂ ಒಟ್ಟಿಗೆ ನುಡಿಸಿದರು. ನಾನು ಬರೆದುಕೊಳ್ಳುವುದನ್ನೇ ಮರೆತೆ.

"ಕೇಳಿಸ್ಕೋ. ಪಕ್ಕಪಕ್ಕ ಕೂತೋರ ಕೈ ತಾನಾಗಿ ಜೊತೆಗೆ ಬೀಳುತ್ತೆ. ನಾಲ್ಕಕ್ಷರ ಕೂಡಿ ಹೋಗಿ ಆಮೇಲೆ ಬಿಡುತ್ತೆ. ನಿನ್ನ ಟೈಪಿಸ್ಟರು ಒಬ್ಬರಿಗೊಬ್ಬರು ತಾಗದ ಹಾಗೆ ಹೊಡೀತಾರೆ. ಮಾತು ಬಿಟ್ಟಿದಾರಾ?"

ಅಲ್ಲೇ ಕೂತು ತಡೆ ತೆಗೆದೆ. ಒಂದು ಚೀಟಿ ಡಬ್ಬಿಯ ಬದಲು ಒಬ್ಬೊಬ್ಬರಿಗೊಂದರಂತೆ ಐದು ಮಾಡಿದೆ. ಗಂಟೆಯನ್ನು ಮಾತ್ರ ಚೀಟಿಯಿಂದ ತೆಗೆದು, ಅರವತ್ತು ಬಡಿತ ಆದ ಮೇಲೆ ಬರುವಂತೆ ಮಾಡಿದೆ. ಈಗಲೂ ಆರಿಸುವುದು ಚೀಟಿಯೇ. ಆದರೆ ಎಕ್ಸ್‌ಪ್ರೆಸ್ ಡಬ್ಬಿಯಲ್ಲಿ ಬಿಡುವಿನ ಚೀಟಿ ಅಪರೂಪ, ಇಣುಕವ್ವನ ಡಬ್ಬಿಯಲ್ಲಿ ಧಾರಾಳ. ಅತ್ತೆ ಒಂದೊಂದನ್ನೂ ಕೇಳಿ, "ಜಗಳಗಂಟಿಗೆ ಇನ್ನೂ ಸ್ವಲ್ಪ ಸಿಟ್ಟು ಬರಲಿ" ಎಂದು ತಿದ್ದಿದರು.

ಶನಿವಾರದ ರಿಹರ್ಸಲ್ಲಿನಲ್ಲಿ ಗುಮಾಸ್ತೆಯ ಪಾತ್ರಧಾರಿ ರಾಜೀನಾಮೆ ಪತ್ರ ಹಿಡಿದು ಬಂದು ಬಾಯಿ ತೆರೆದಳು. ಅದೇ ಹೊತ್ತಿಗೆ ಎಕ್ಸ್‌ಪ್ರೆಸ್ ಓಟ ಕಿತ್ತಳು. ಪಾತ್ರಧಾರಿ ಮಾತು ನುಂಗಿ ಗೋಡೆಯ ಕಡೆ ನೋಡುತ್ತ ನಿಂತುಬಿಟ್ಟಳು. ಹಾಳು ಮಾಡಿದೆನಲ್ಲ ಎಂದುಕೊಂಡು ನಾನು ಸದ್ದು ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಗಂಟೆ ಬಿತ್ತು, ಕ್ಯಾರೇಜ್ ಸರಿಯಿತು. ಆ ಚೂರು ಬಿಡುವಿನಲ್ಲಿ ಅವಳು ಮೆಲ್ಲಗೆ, "ನಾಳೆಯಿಂದ ನಾನು ಬರೋದಿಲ್ಲ" ಎಂದಳು.

"ಯಾಕಮ್ಮ ನಿಂತೆ?" ನಿರ್ದೇಶಕಿ ಕೇಳಿದರು.

"ಅವಳು ಸಾಲು ಮುಗಿಸಲಿ ಅಂತ ಮೇಡಂ."

ನಿರ್ದೇಶಕಿ ನನ್ನ ಕಡೆ ತಿರುಗಿದರು. "ದಿನಾ ಇಲ್ಲೇ ಮುಗಿಸ್ತಾಳಾ?"

"ಇಲ್ಲ ಮೇಡಂ. ಯಾವಾಗ ಮುಗಿಸ್ತಾಳೋ ನನಗೂ ಗೊತ್ತಿಲ್ಲ."

"ಹಾಗಾದ್ರೆ ಇವಳು ದಿನಾ ಕಾಯಲಿ," ಎಂದು ಅವರು ಹಾಳೆ ತಿರುವಿದರು. "ಟೈಪಿಸ್ಟರು ಇರ್ತಾರೆ. ಮುಂದಿನ ದೃಶ್ಯ."