ಘೇಂಡಾಮರಿಯ ಹಾಲು

“ಬಾಯ್ ತಗಿ. ನಾಲ್ಗೆ ಎತ್ತು. ನಾಲ್ಗೆ ಅಂದ್ರೆ ನಾಲ್ಗೆ ಮುಂಡೇದೆ, ಹಲ್ಲು ಕಿರಿ ಅಂದ್ನಾ ನಾನು?”

ಮಿಸಾವೇನಿ ನಾಲಗೆ ಎತ್ತಿದಳು. ಗೇಟಿನ ಕಾವಲುಗಾರ ಮಾಬುಂಡಾ ಬಗ್ಗಿ ನೋಡಿದ. ಆಮೇಲೆ ತಲೆಬಟ್ಟೆ ಬಿಚ್ಚಿಸಿ ಕೂದಲಲ್ಲಿ ಬೆರಳಾಡಿಸಿದ. ಕೋಲಿನ ತುದಿಯಿಂದ ಲಂಗವನ್ನು ಮಂಡಿಯವರೆಗೆ ಎತ್ತಿದ. ಕಳ್ಳರು ಕೊಂಬಿಗಾಗಿ ಕೊಲ್ಲಬಾರದೆಂದು ಹೆನ್ನಿ ಧಣಿ ತನ್ನ ಕಾಡಿನ ಘೇಂಡಾಮೃಗಗಳ ಕೊಂಬುಗಳನ್ನೆಲ್ಲ ಹಿಂದಿನ ವಾರ ಗರಗಸದಲ್ಲಿ ಕೊಯ್ಯಿಸಿದ್ದ. ಕೊಂಬಿನ ಉಗುರಿನಷ್ಟು ಚೂರೂ ಆಳುಗಳ ಮೈಮೇಲೆ ಹೊರಗೆ ಹೋಗುವಂತಿರಲಿಲ್ಲ.

ಮಾಬುಂಡಾ ಅವಳ ಫ್ಲಾಸ್ಕನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದ. ಕೊಂಬಿನ ಚೂರಿದ್ದರೆ ಕಟಕಟ ಎನ್ನುತ್ತದೆ. ಹಾಲು ಹಾಗೆ ಸದ್ದು ಮಾಡುವುದಿಲ್ಲ.

“ಬೆಳಗಿನ ಚಾ ಸಂಜೆಗೂ ಉಳಿಸ್ಕಂಡಿದ್ದೀಯ? ಎಂಥಾ ಜಿಪುಣಿ ಕಣವ್ವಾ ನೀನು. ನಡಿಯತ್ತ.”

ಅವಳು ನಡೆದಳು. ಆಳುಗಳ ಸಾಲುಮನೆಯ ಕೊನೆಯ ಕೋಣೆಯಲ್ಲಿ ಏಳು ತಿಂಗಳ ಮೊಮ್ಮಗಳು ವುಟೊಮಿ ಪಕ್ಕದ ಮನೆಯ ಮುದುಕಿಯ ತೊಡೆಯ ಮೇಲೆ ಅಳುತ್ತಿದ್ದಳು. ಹೆತ್ತವಳು ಬಾಣಂತಿ ಜ್ವರದಲ್ಲೇ ಹೋದಳು. ಮುಸುಕಿನ ಜೋಳದ ಗಂಜಿ ಕೂಸಿಗೆ ಒಗ್ಗಲಿಲ್ಲ. ಫ್ಲಾಸ್ಕಿನ ಮುಚ್ಚಳ ಬಿಚ್ಚುವ ಸದ್ದಿಗೇ ಈಗ ಅದರ ಅಳು ನಿಲ್ಲುತ್ತಿತ್ತು.

ಆ ಹಾಲು ಘೇಂಡಾಮರಿ ಸ್ಟೆಲ್ಲಾಳದು. ಎಲ್ಲೋ ದೂರದ ದೇಶದಿಂದ ಅದರ ಸಾಕಣೆಗೆ ಹಣ ಕಳಿಸುವ ದಾನಿಗಳು ಇಟ್ಟ ಹೆಸರು. ಅದರ ತಾಯಿಯನ್ನು ಕಳ್ಳರು ಕೊಂದಾಗ ಮರಿ ಎರಡು ದಿನ ಹೆಣದ ಮೊಲೆಗೆ ಮೂತಿಯಿಟ್ಟುಕೊಂಡೇ ನಿಂತಿತ್ತು. ಅದನ್ನು ತಂದು, ಬಿಸಿ ದೀಪ ಹಾಕಿದ ಕೋಣೆಯಲ್ಲಿಟ್ಟು, ಮಿಸಾವೇನಿಯನ್ನು ತಾಯಿಯಾಗಿ ನೇಮಿಸಿದ್ದರು. ಒಂದು ಬಾಟಲಿಗೆ ಏಳು ಅಳತೆ ಹಾಲುಪುಡಿ. ಅವಳು ಐದು ಹಾಕಿ ನೀರು ತುಂಬುತ್ತಿದ್ದಳು; ಉಳಿದೆರಡು ಫ್ಲಾಸ್ಕಿಗೆ ಹೋಗುತ್ತಿತ್ತು. ಕುಡಿದು ಮುಗಿಸಿದ ಮರಿ ಇನ್ನೂ ಬೇಕೆಂದು ಹಣೆಯಿಂದ ಗುದ್ದುತ್ತಿತ್ತು, ಅವಳ ಮೊಣಕೈಯನ್ನೇ ಚೀಪುತ್ತಿತ್ತು.

“ಸಾಕು ಮಗಾ,” ಎನ್ನುತ್ತಿದ್ದಳು. ಹಾಗೆನ್ನುವಾಗ ಗೋಡೆ ನೋಡುತ್ತಿದ್ದಳು.

ಮರಿಯ ಪಕ್ಕೆಲುಬು ಕಾಣತೊಡಗಿತು. ಹೆನ್ನಿ ಧಣಿ ಆಳುಗಳನ್ನು ಅಂಗಳದಲ್ಲಿ ನಿಲ್ಲಿಸಿದ.

“ನಿಮ್ಮೊಳಗೇ ಒಬ್ರು ಕಳ್ಳರ ಕಡೆಯೋರು ಇದ್ದೀರಿ. ನನ್ನ ಮರಿಗೆ ಏನೋ ಹಾಕ್ತಿದ್ದೀರಿ. ಅನ್ನ ಹಾಕಿದ ಮನೆಗೇ ಕನ್ನ ಕೊರೆಯೋ ಜಾತಿ ನಿಮ್ದು. ನಾಳೆ ಸುಳ್ಳು ಹಿಡಿಯೋ ಮಿಷನ್ ಬರತ್ತೆ. ಅದಕ್ಕೆ ನಿಮ್ಮ ಕಣ್ಣೀರು ಗೊತ್ತಾಗಲ್ಲ.”

ಮರುದಿನ ಪೇಟೆಯಿಂದ ಮಿಷನ್ ತಂದವನು ಮಿಸಾವೇನಿಯ ಎದೆಗೆ ಪಟ್ಟಿ ಬಿಗಿದ, ಬೆರಳುಗಳಿಗೆ ತಂತಿ ಸಿಕ್ಕಿಸಿದ.

“ಕೊಂಬು ಕದ್ದಿದ್ದೀಯಾ?”

“ಇಲ್ಲ.”

“ಕಳ್ಳರಿಗೆ ಸುದ್ದಿ ಕೊಟ್ಟಿದ್ದೀಯಾ?”

“ಇಲ್ಲ.”

“ಮರಿಗೆ ವಿಷ ಹಾಕಿದ್ದೀಯಾ?”

“ಇಲ್ಲ.”

ಮೂರೂ ನಿಜ. ಪರದೆಯ ಗೆರೆ ಅಲುಗಲಿಲ್ಲ. ಹಾಲಿನ ಮಾತು ಅವನು ಕೇಳಲಿಲ್ಲ, ಅವಳೂ ಆಡಲಿಲ್ಲ.

ಅವಳ ನಂತರ ಬಾಟಲಿ ತೊಳೆಯುವ ನ್ಯಿಕೋ ಒಳಗೆ ಹೋದಳು. ಬಹಳ ಹೊತ್ತು ಹೊರಬರಲಿಲ್ಲ. ಯಾರನ್ನಾದರೂ ಮುಚ್ಚಿಟ್ಟಿದ್ದೀಯಾ ಎಂದು ಕೇಳಿದಾಗ ಗೆರೆ ಹುಚ್ಚೆದ್ದು ಕುಣಿಯಿತಂತೆ. ಎರಡು ವರ್ಷದ ಹಿಂದೆ ಅವಳ ತಮ್ಮ ಕೊಂಬಿನ ಕಳ್ಳನೆಂದು ಬೇಲಿಯ ಹತ್ತಿರ ಕಾವಲಿನವರ ಗುಂಡು ತಿಂದು ಸತ್ತದ್ದು ಎಲ್ಲರಿಗೂ ಗೊತ್ತಿತ್ತು. ಧಣಿಗೆ ಅಷ್ಟೇ ಸಾಕಾಯಿತು. ನಾಳೆ ಮಧ್ಯಾಹ್ನದೊಳಗೆ ಮನೆ ಖಾಲಿಯಾಗಬೇಕೆಂದ.

ಮರುದಿನ ಬೆಳಿಗ್ಗೆ ನ್ಯಿಕೋಳ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ತಗಡಿನ ಪೆಟ್ಟಿಗೆ, ಚಾಪೆ, ಎರಡು ಕೋಳಿ ಆಗಲೇ ಮೇಲೇರಿದ್ದವು. ಸಾಲುಮನೆಯವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಮಿಸಾವೇನಿ ಹತ್ತಿರ ಹೋದಳು.

“ಹೋಗಕ್ಕಾ, ಮರಿಗೆ ಹೊತ್ತಾಯ್ತು,” ಎಂದಳು ನ್ಯಿಕೋ. ಹಗ್ಗ ಬಿಗಿಯುತ್ತಲೇ ಸಣ್ಣ ದನಿಯಲ್ಲಿ ಹೇಳಿದಳು: “ಬಾಟ್ಲಿ ತೊಳ್ಯೋಳಿಗೆ ನೀರ್ ಹಾಲು ಯಾವ್ದು ಗಟ್ಟಿ ಹಾಲು ಯಾವ್ದು ಗೊತ್ತಾಗಾಕಿಲ್ವಾ? ಮೊದ್ಲಿಂದ್ಲೂ ಗೊತ್ತು ಕಣಕ್ಕಾ. ಯಾರನ್ನ ಮುಚ್ಚಿಟ್ಟಿದ್ದೀಯ ಅಂದಾಗ ನಿನ್ನ ಕೂಸಿನ ಮಖ ಕಣ್ಮುಂದೆ ಬಂದ್ಬುಡ್ತು. ಹಾಳಾದ್ದು ಮಿಷನ್ನು, ಅದುನ್ನೂ ಕಂಡ್ಕಬುಡ್ತು.”

ಮಿಸಾವೇನಿ ಮರಿಯ ಕೋಣೆಗೆ ಹೋಗಲಿಲ್ಲ. ನೇರ ಧಣಿಯ ಜಗಲಿಗೆ ಹೋದಳು. ಧಣಿ ಕಾಫಿ ಕುಡಿಯುತ್ತಿದ್ದ.

“ನ್ಯಿಕೋದೇನೂ ಇಲ್ಲ ಧಣಿ. ಹಾಲು ಕದ್ದೋಳು ನಾನು. ಮರಿ ಬಡವಾದ್ದು ನನ್ನಿಂದ. ನನ್ನ ಕೂಸಿಗೆ ಒಯ್ದೆ.”

ಧಣಿ ಲೋಟ ಕೆಳಗಿಟ್ಟ. ಅವಳನ್ನು ಮೇಲಿಂದ ಕೆಳಗೆ ನೋಡಿದ. ಹೊಡೆಯುತ್ತಾನೆಂದು ಅವಳು ಕಣ್ಣು ಮುಚ್ಚಿದಳು.

“ಇದನ್ನ ಇನ್ಯಾರಿಗಾದ್ರೂ ಹೇಳಿದ್ದೀಯಾ?”

“ಇಲ್ಲ.”

“ಹೇಳ್ಬೇಡ. ಕಳ್ಳರ ಕೈವಾಡ ಅಂತ ನಿನ್ನೆ ರಾತ್ರೀನೇ ದಾನಿಗಳಿಗೆ ಬರೆದಾಯ್ತು. ನಮ್ಮ ಆಳಿನ ಮಗು ಹಸಿದಿತ್ತು ಅಂತ ಬರೀಲಾ ಈಗ? ಥೂ, ಕೊಳಕು ಮುಂಡೆ. ಹೋಗಿ ಹಾಲು ಕುಡಿಸು. ನಿನ್ನ ಕೈ ಬಿಟ್ಟು ಬೇರೆಯೋರ ಕೈಲಿ ಆ ಪ್ರಾಣಿ ಕುಡಿಯಲ್ಲ, ಇಲ್ದಿದ್ರೆ ನಿನ್ನೂ ಅದೇ ಗಾಡಿಗೆ ಎಸೀತಿದ್ದೆ.”

“ನ್ಯಿಕೋ?”

“ಅವಳು ಹೋಗ್ತಾಳೆ.”

ಮಿಸಾವೇನಿ ಮರಿಯ ಕೋಣೆಯ ಮುಂದೆ ಬಂದಳು. ಏಳು ಅಳತೆ ಪುಡಿ ಹಾಕಿ, ಗಂಟಿಲ್ಲದಂತೆ ಕಲಸಿ ಬಾಟಲಿ ತುಂಬಿದಳು. ಒಳಗೆ ಮರಿ ಅವಳ ವಾಸನೆ ಹಿಡಿದು ಸಣ್ಣಗೆ ಕೂಗತೊಡಗಿತು. ಅವಳು ಬಾಗಿಲು ತೆರೆಯಲಿಲ್ಲ. ಬಾಟಲಿಯನ್ನು ಅಂಗಳದ ಮಣ್ಣಿನಲ್ಲಿ ನಿಲ್ಲಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಮಾಬುಂಡಾ ಓಡಿ ಬಂದ. “ಯಾಕ್ ಕುಂತೆ? ಕುಡ್ಸು! ಧಣಿ ಚರ್ಮ ಸುಲೀತಾನೆ!”

“ಸುಲೀಲಿ. ಆ ಗಾಡಿ ಸಾಮಾನು ಇಳಿಸೋಗಂಟ ನಾನು ಬಾಟ್ಲಿ ಮುಟ್ಟಾಕಿಲ್ಲ ಅಂತ ಹೇಳೋಗು.”

“ಸತ್ತೋಯ್ತದೆ ಕಣೇ ಅದು! ಮೊದ್ಲೇ ಕಡ್ಡಿಯಾಗದೆ!”

“ನಂಗೊತ್ತಿಲ್ವಾ?” ಅವಳು ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿದಳು. “ಕಡ್ಡಿ ಮಾಡ್ದೋಳು ನಾನೇ ಅಲ್ವೇನೋ?”

ಅವನು ಜಗಲಿಯ ಕಡೆ ಓಡಿದ. ಸಾಲುಮನೆಯ ಕಡೆಯಿಂದ ಟ್ರ್ಯಾಕ್ಟರಿನ ಇಂಜಿನ್ ಶುರುವಾದ ಸದ್ದು ಕೇಳಿಸಿತು. ಮುಂದಕ್ಕೆ ಹೊರಟಿತೋ, ಸುಮ್ಮನೆ ನಿಂತಲ್ಲೇ ಗುರುಗುಟ್ಟುತ್ತಿತ್ತೋ, ಅಲ್ಲಿಂದ ತಿಳಿಯುವಂತಿರಲಿಲ್ಲ. ಬಾಗಿಲ ಹಲಗೆಯ ಆಚೆಯಿಂದ ಮರಿ ಹಣೆಯಿಂದ ಅವಳ ಬೆನ್ನಿಗೆ ಗುದ್ದತೊಡಗಿತು. ಒಂದು ಸಲ. ಸ್ವಲ್ಪ ತಡೆದು ಮತ್ತೊಂದು ಸಲ. ಪ್ರತಿ ಗುದ್ದಿಗೂ ಅವಳ ಮೈ ಮುಂದಕ್ಕೆ ವಾಲುತ್ತಿತ್ತು. ಅವಳು ಎರಡೂ ಹಿಮ್ಮಡಿಗಳನ್ನು ಮಣ್ಣಿಗೆ ಊರಿ ಕೂತೇ ಇದ್ದಳು.