ಓಡಿಸಿ ನೋಡಬೇಕಂತ

ತಲೆ ಮತ್ತೆ ಎಡಕ್ಕೆ ವಾಲಿತು. ಬಜಾರಪ್ಪ ಎರಡೂ ಕೈಯಿಂದ ಹಿಡಿದು ನೆಟ್ಟಗೆ ಮಾಡಿದ, ಗದ್ದದ ಕೆಳಗಿಂದ ಬಿಳಿ ವಸ್ತ್ರ ಹಾಯಿಸಿ ನೆತ್ತಿಯ ಮೇಲೆ ಗಂಟು ಹಾಕಿದ, ಗಂಟಿನ ತುದಿಯನ್ನು ಗೋಡೆಯ ಮೊಳೆಗೆ ಬಿಗಿದ. ಹಿಂದೆ ಸರಿದು ನೋಡಿ, "ಈಗ ಕುಂತಾನ ನೋಡ್ರಿ ಸರಿಯಾಗಿ," ಎಂದವನೇ ಹೆಗಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ತಾನೇ ಎತ್ತಿ ಆಡಿಸಿದ ಅಣ್ಣನ ಮಗನನ್ನು ಹೀಗೆ ಗೋಡೆಗೆ ಕೂರಿಸುವ ಕೆಲಸ ಯಾವ ಚಿಕ್ಕಪ್ಪನಿಗೂ ಬರಬಾರದು.

ಎರಡು ಗಂಟೆಯ ಹಿಂದೆ, ಬೆಳಿಗ್ಗೆ ಎಂಟಕ್ಕೆ, ಇದೇ ತಿಪ್ಪೇಶ ನಂದವರಂ ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಉಗ್ಗಾಣಿ ಬಜ್ಜಿ ಕಟ್ಟಿಸಿಕೊಂಡು ನಡೆದು ಬಂದಿದ್ದ. ಕಟ್ಟೆಯ ಮೇಲೆ ಕೂತು, "ಗಂಗೀ, ಚೂರು ನೀರು ಕೊಡು," ಎಂದಿದ್ದ. ಹೆಂಡತಿ ಗಂಗೋತ್ರಿ ತಂಬಿಗೆ ಹಿಡಿದು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಪಕ್ಕದಲ್ಲಿದ್ದ ಪೊಟ್ಟಣ ಇನ್ನೂ ಬಿಸಿಯಿತ್ತು. ಡಾಕ್ಟರು ಬಂದು ಕೈ ಹಿಡಿದು ನೋಡಿ, "ಹಾರ್ಟು," ಎಂದು ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ನಲವತ್ತಮೂರು ವಯಸ್ಸು. ಬಿ.ಪಿ. ಇಲ್ಲ, ಸಕ್ಕರೆ ಇಲ್ಲ, ಬೀಡಿ ಸಿಗರೇಟಿನ ಗೊಡವೆ ಇಲ್ಲ. ಓಣಿಗೆ ಓಣಿಯೇ ಬಂದು ಅಂಗಳದಲ್ಲಿ ನಿಂತಿತ್ತು. ಗಂಗೋತ್ರಿ ಗಂಡನ ಬಲಗಡೆ ಕೂತಿದ್ದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ತಂಬಿಗೆಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಾಳೆಂದು ಯಾರೋ ಹೆಂಗಸು ನೋಡಿ, ಬೆರಳು ಒಂದೊಂದಾಗಿ ಬಿಡಿಸಿ ತೆಗೆದುಕೊಂಡಳು.

"ಏನು ಕೆಲಸ ಮಾಡ್ತಿದ್ದಾ?" ಎಂದು ಪಕ್ಕದೂರಿನಿಂದ ಬಂದ ಒಬ್ಬ ಮುದುಕ ಮೆಲ್ಲಗೆ ಕೇಳಿದ.

"ಮನಿಯಾಗ ಕುಂತು ಮಾಡೋ ಕೆಲಸ," ಎಂದ ಬಜಾರಪ್ಪ. "ಕೆಂಪು ಬಂದ್ರ ನೋಡಬೇಕು, ಹಸಿರು ಬಂದ್ರ ಬಿಡಬೇಕು."

"ರೈಲ್ವೇದಾಗ ಏನು?"

"ಅಲ್ಲಪಾ, ಕಂಪ್ಯೂಟರು."

"ಹ್ಞಾಂ, ರೈಲ್ವೇ ಕಂಪ್ಯೂಟರು," ಎಂದ ಮುದುಕ. ಬಜಾರಪ್ಪನಿಗೆ ವಾದ ಮಾಡುವ ತ್ರಾಣ ಇರಲಿಲ್ಲ. ಹತ್ತಿಯ ವ್ಯಾಪಾರದಲ್ಲಿ ಕೂದಲು ಬೆಳ್ಳಗಾದ ಅವನಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ ಅನ್ನಿ.

*

ಲಾಕ್‌ಡೌನಿನ ವರ್ಷ ಹೈದರಾಬಾದಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದ ತಿಪ್ಪೇಶ ಮತ್ತೆ ಹೋಗಲೇ ಇಲ್ಲ. ಕಂಪನಿಯವರು ಕರೆಯಲಿಲ್ಲ, ಇವನೂ ಕೇಳಲಿಲ್ಲ. ಗಂಗೋತ್ರಿಗೆ ನಾಗಲದಿನ್ನೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಇತ್ತು. ಅದನ್ನು ಬಿಡಿಸಿ ಕರೆದುಕೊಂಡು ಹೋಗುವ ಮನಸ್ಸು ಅವನಿಗೆ ಮೊದಲಿಂದಲೂ ಇರಲಿಲ್ಲ. ಪಡಸಾಲೆಯ ಮೂಲೆಗೆ ಒಂದು ಮೇಜು ಹಾಕಿಕೊಂಡ, ಅಲ್ಲೇ ಬೇರು ಬಿಟ್ಟ.

ಒಂದು ದಿನ ಅವನ ತಾಯಿ ಹೂವಮ್ಮ ಶೇಂಗಾ ಸುಲಿಯುತ್ತ, "ದಿನಾ ಏನು ನೋಡ್ತೀಯಪಾ ಅದರಾಗ?" ಎಂದಳು.

"ಇನ್ನೂ ಹುಟ್ಟದ ಒಂದು ಚಿಪ್ಪು ಐತವ್ವ, ಕಂಪ್ಯೂಟರಿನ ಮಿದುಳು ಅನ್ನು. ಅದು ಹುಟ್ಟಾಕ ಇನ್ನಾ ಎರಡು ವರ್ಷ ಬೇಕು. ಅಲ್ಲಿತನಕ ಒಂದು ಪ್ರೋಗ್ರಾಮು ಅದರ ವೇಷ ಹಾಕ್ಕೊಂಡು ಕುಣೀತೈತಿ. ಸರಿಯಾಗಿ ಕುಣೀತೈತೋ ಇಲ್ಲೋ ಅಂತ ದಿನಾ ಮೂರು ಸಾವಿರ ಪ್ರಶ್ನಿ ಕೇಳಬೇಕು. ಎರಡೂ ಎರಡೂ ಎಷ್ಟು? ಈ ಗೂಡಿನಾಗ ಇಟ್ಟಿದ್ದು ತೆಗಿ ನೋಡಾಣ. ಸರಿ ಹೇಳಿದ್ರ ಹಸಿರು, ತಪ್ಪಿದ್ರ ಕೆಂಪು. ಅವಕ್ಕ ಟೆಸ್ಟು ಅಂತೀವಿ."

"ಅಷ್ಟೂ ನೀನ ಕೇಳ್ತೀಯಾ?"

"ಇಲ್ಲವ್ವ, ತಮ್ಮಷ್ಟಕ್ಕ ತಾವ ಕೇಳ್ತಾವು. ಆ ಪ್ರಶ್ನಿ ಹಳಸದಂಗ, ಕೆಡದಂಗ ನೋಡಿಕೊಳ್ಳಾದು ನನ್ನ ಕೆಲಸ."

ಹೂವಮ್ಮ ಶೇಂಗಾ ಬಿಟ್ಟು ಮಗನ ಮುಖ ನೋಡಿದಳು. "ಅಂದ್ರ, ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂತ ದಿನಾ ಕೇಳಾದು. ಅದು ಮೂರು ಮತ್ತೊಂದು ಅನ್ನಾದು. ಇದಕ್ಕೂ ಸಂಬಳ ಕೊಡ್ತಾರಾ?"

ತಿಪ್ಪೇಶ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಂದಿನಿಂದ ಆ ಮಾತು ಮನೆಯದಾಯಿತು. ಕೆಲವು ಟೆಸ್ಟುಗಳು ಇವತ್ತು ಕೆಂಪು, ನಾಳೆ ಹಸಿರು. ನಡುವೆ ಯಾರೂ ಏನೂ ಮುಟ್ಟಿರುವುದಿಲ್ಲ. ಅಂಥವಕ್ಕೆ ಅವನು ಮಳ್ಳಿ ಎಂದು ಹೆಸರಿಟ್ಟ. ರಿಪೇರಿಯವನ ಎದುರಿಗೆ ಮಾತ್ರ ಚೆನ್ನಾಗಿ ತಿರುಗುವ ಮಿಕ್ಸಿ ಮಳ್ಳಿಯಾಯಿತು, ಶಾಲೆಗೆ ಹೊರಡುವಾಗಷ್ಟೇ ಮಗಳು ಈಶ್ವರಿಗೆ ಬರುವ ಹೊಟ್ಟೆನೋವು ಮಳ್ಳಿಯಾಯಿತು.

ಊಟಕ್ಕೆ ಕೂತಾಗ, "ಇವತ್ತು ಒಂದು ಕೆಂಪು ಬಂದೈತಿ," ಎನ್ನುವನು. "ಮಳ್ಳಿ ಇರಬೇಕು ಬಿಡ್ರಿ," ಎನ್ನುವಳು ಗಂಗೋತ್ರಿ. "ಇರಬೇಕು. ಇನ್ನೊಮ್ಮಿ ಓಡಿಸಿ ನೋಡ್ತೀನಿ," ಎನ್ನುವನು. ಬೇರೆ ಗಂಡ ಹೆಂಡಿರು ಬಿಸಿಲು ಮಳೆಯ ಮಾತಾಡುವ ಹಾಗೆ ಇವರದು ಇದು. ಅವಳು ಹೆಚ್ಚು ಕಿವಿಗೊಟ್ಟು ಕೇಳುತ್ತಿರಲಿಲ್ಲ, ಅವನೂ ಅದನ್ನು ಬಯಸುತ್ತಿರಲಿಲ್ಲ.

*

ಒಂದು ಗಂಟೆಗೆ ದಸ್ತಗಿರಿ ಬಂದ. ತಿಪ್ಪೇಶನ ಜೊತೆ ಒಂದನೇ ಇಯತ್ತೆಯಿಂದ ಓದಿದವನು, ಆದೋನಿಯಲ್ಲಿ ರಕ್ತ, ಉಚ್ಚೆ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಗಾಡಿಯನ್ನು ಬೀದಿಯ ನಡುವೆಯೇ ಬಿಟ್ಟು, ಹೆಲ್ಮೆಟ್ ಸಹಿತ ಒಳಗೆ ನುಗ್ಗಿ, ಹೆಣದ ಮೊಣಕಾಲು ಹಿಡಿದು ಅಲುಗಾಡಿಸಿದ.

"ಹೇಳಿದ್ನೆಲ್ಲೋ ತಿಪ್ಪೇಶೀ! ನಾಳೆನ ಹೋಗು ಅಂತ ಹೇಳಿದ್ನೆಲ್ಲೋ ನಿಂಗ!"

ಅಂಗಳದ ಗುಸುಗುಸು ನಿಂತಿತು. ಗಂಗೋತ್ರಿ ಬೆಳಿಗ್ಗೆಯಿಂದ ಮೊದಲ ಸಲ ತಲೆ ತಿರುಗಿಸಿದಳು. "ಎಲ್ಲಿಗೆ ಹೋಗು ಅಂದಿ?"

"ಅಕ್ಕಾ, ನಿಮಗ ಹೇಳಿಲ್ಲಾ?" ದಸ್ತಗಿರಿ ಹೆಲ್ಮೆಟ್ ತೆಗೆದ. ಮುಖವೆಲ್ಲ ಒದ್ದೆಯಾಗಿತ್ತು. "ನಿನ್ನೆ ಮಧ್ಯಾಹ್ನ ಲ್ಯಾಬಿಗೆ ಬಂದಿದ್ದ. ಎದಿ ಹಿಡದಂಗ ಆಕೈತಿ, ಆಮ್ಯಾಲೆ ತಾನ ಬಿಡ್ತೈತಿ ಅಂದ. ಇ.ಸಿ.ಜಿ. ತೆಗದ್ವಿ. ಚೂರು ತೇಡಾ, ಫರಕು ಬಂತು. ಡಾಕ್ಟರು ಕರ್ನೂಲಿಗೆ ಹೋಗು, ಓಡಿಸಿ ನೋಡಬೇಕು ಅಂದ್ರು. ತಿರುಗೋ ಪಟ್ಟಿ ಮ್ಯಾಲೆ ಓಡಿಸ್ತಾರಲ್ಲಕ್ಕಾ, ಆ ಟೆಸ್ಟು. ನಾಳೆನ ಹೋಗು ಅಂತ ನಾ ಬಡಕೊಂಡೆ. ಸೋಮವಾರ ಹೋಗ್ತೀನಿ, ಗಂಗೀಗೆ ಹೇಳ್ತೀನಿ ಅಂದ. ಹೇಳಲಿಲ್ಲಾ?"

ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಮೊಮ್ಮಗಳು ಈಶ್ವರಿಯನ್ನು ತೊಡೆಗೆ ಒರಗಿಸಿಕೊಂಡು ಸೊಸೆಯ ಎದುರಿಗೆ ಕೂತ ಹೂವಮ್ಮನ ಕಣ್ಣೂ.

"ಇಲ್ಲ," ಎಂದಳು ಗಂಗೋತ್ರಿ. "ಏನೂ ಹೇಳಲಿಲ್ಲ."

ಆ ಮಾತು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ ಹೋಯಿತು. ಪಾಪ, ಆಕಿಗೂ ಹೇಳಿಲ್ಲಂತ. ಹೆಂಡತಿಗೂ ಹೇಳಿಲ್ಲಂತ. ಹೂವಮ್ಮ ಮಗನ ಕಡೆ ತಿರುಗಿ, "ಮುಚ್ಚಿಟ್ಟಿಯೇನೋ ನನ್ನಪ್ಪಾ," ಎಂದು ಎದೆ ಬಡಿದುಕೊಂಡಳು. ಹೊರಗೆ ಅಂತ, ಅಂತ ಎಂದು ಬಾಯಿಂದ ಬಾಯಿಗೆ ದಾಟುತ್ತಿದ್ದ ಆ ಸದ್ದು ಕಿವಿಗೆ ಬಿದ್ದಾಗಲೇ ಗಂಗೋತ್ರಿಗೆ ನಿನ್ನೆ ಸಂಜೆ ನೆನಪಾಯಿತು.

*

ನಿನ್ನೆ ಸಂಜೆ ಆರು ಗಂಟೆ. ಇನ್ವರ್ಟರಿಗೆ ಬ್ಯಾಟರಿ ನೋಡಿಬರುತ್ತೇನೆಂದು ಆದೋನಿಗೆ ಹೋದ ತಿಪ್ಪೇಶ ಬರಿಗೈಯಲ್ಲಿ ಬಂದಿದ್ದ. ಗಂಗೋತ್ರಿ ಅದನ್ನು ಕೇಳಲಿಲ್ಲ. ನಲವತ್ತು ನೋಟ್‌ಬುಕ್ಕು ಎದುರಿಗೆ ಹರಡಿಕೊಂಡು ತಿದ್ದುತ್ತಿದ್ದಳು. ಅವನು ಮಂಚದ ತುದಿಗೆ ಕೂತ.

"ಗಂಗೀ, ಟೆಸ್ಟಿನಾಗ ಒಂದು ಕೆಂಪು ಬಂದೈತಿ."

"ಮಳ್ಳಿ ಇರಬೇಕು ಬಿಡ್ರಿ," ಎಂದಳು, ತಲೆ ಎತ್ತದೆ.

ಅವನು ಒಂದು ನೋಟ್‌ಬುಕ್ಕು ಎತ್ತಿ ಹಾಗೇ ಇಟ್ಟ. "ಇರಬೇಕು," ಎಂದ. "ಸೋಮವಾರ ಓಡಿಸಿ ನೋಡಬೇಕಂತ."

"ನೋಡ್ರಿ ಮತ್ತ. ಎರಡು ದಿನದಾಗ ಏನು ಮುಳುಗಿ ಹೋಗ್ತೈತಿ?"

"ಏನೂ ಇಲ್ಲ," ಎಂದು ಅವನು ಎದ್ದು ಕಾಲು ತೊಳೆಯಲು ಹೋದ. ಅಷ್ಟೇ ಮಾತು.

ಓಡಿಸಿ ನೋಡ್ತೀನಿ ಎನ್ನಲಿಲ್ಲ. ನೋಡಬೇಕಂತ ಎಂದ. ಬೇರೆಯವರು ಆಡಿದ ಮಾತನ್ನು ನಮ್ಮ ಬಾಯಿಂದ ದಾಟಿಸುವಾಗ ಕೊನೆಗೆ ಅಂತ ಹಚ್ಚುತ್ತೇವೆ, ಅದು ನಮ್ಮ ಮಾತಲ್ಲ ಎಂದು ತೋರಿಸಲಿಕ್ಕೆ. ಇಪ್ಪತ್ತು ವರ್ಷ ಊರ ಮಕ್ಕಳಿಗೆ ಇದನ್ನು ಹೇಳಿಕೊಟ್ಟವಳು ಅವಳೇ. ಹಾಗಾದರೆ ಆ ಅಂತ ಯಾರದು?

ಆಫೀಸಿನವರದೂ ಇರಬಹುದು. ಮೇಲಿನವನು ಯಾರೋ, ಸೋಮವಾರ ಓಡಿಸಿ ನೋಡು ಎಂದಿರಬಹುದು. ಹಾಗಿದ್ದರೆ ಅವನು ನಿಜವಾಗಿಯೂ ಎದೆನೋವನ್ನು ಮುಚ್ಚಿಟ್ಟ. ಮುಚ್ಚಿಟ್ಟು ಸತ್ತ ಗಂಡನ ಮೇಲೆ ಸಿಟ್ಟು ಮಾಡಬಹುದು, ಜನ್ಮವಿಡೀ ಬೈದುಕೊಂಡು ಬದುಕಬಹುದು. ಆದರೆ ಆ ಮಾತು ಡಾಕ್ಟರದಾದರೆ ಅವನು ಹೇಳಿದ್ದ. ತನಗೆ ಬಂದ ಒಂದೇ ಭಾಷೆಯಲ್ಲಿ, ಹೆದರಿಕೆ ಮರೆಮಾಚಿಕೊಂಡು, ಅವಳಿಗೇ ಹೇಳಿದ್ದ. ಮಳ್ಳಿ ಇರಬೇಕು ಬಿಡ್ರಿ ಎಂದು ಅವಳೇ ಕಳಿಸಿಕೊಟ್ಟಳು.

ಇದನ್ನು ಬಲ್ಲವರು ಯಾರು? ಬಲ್ಲವನು ಗೋಡೆಗೆ ಒರಗಿ ಕೂತಿದ್ದಾನೆ. ಇನ್ನೊಬ್ಬನಿದ್ದ. ಆಫೀಸಿನಲ್ಲಿ ಅವನ ಜೊತೆ ಕೆಲಸ ಮಾಡುವ ಶ್ರೀರಾಮುಲು, ಸುದ್ದಿ ಕೇಳಿ ಹೈದರಾಬಾದಿನಿಂದ ಹೊರಟಿದ್ದ. ಗಂಗೋತ್ರಿ ಬಾಗಿಲ ಕಡೆ ನೋಡುತ್ತ ಕೂತಳು. ಗಂಡ ಸತ್ತ ದಿನ ಹೆಣ್ಣೊಬ್ಬಳು ಇನ್ಯಾರದೋ ದಾರಿಯನ್ನು ಇಷ್ಟು ಕಾತರದಿಂದ ಕಾಯುವುದನ್ನು ಯಾರೂ ನೋಡಿರಲಿಕ್ಕಿಲ್ಲ.

*

ಮೂರೂವರೆಗೆ ಅಂಗಳದಲ್ಲಿ ಬಾಳೆಕಂಬ, ಚೆಂಡುಹೂವು ಕಟ್ಟಿದ, ಹೆಣ ಹೊರುವ ವಿಮಾನ ಸಿದ್ಧವಾಯಿತು. ತಿಪ್ಪೇಶನನ್ನು ಎತ್ತಿ ಅದರಲ್ಲಿ ಕೂರಿಸಿದರು. ಹೊಲದಲ್ಲಿ ಗುಂಡಿ ಆಗಿದೆ ಎಂದು ಹೇಳಿಕಳಿಸಿದ್ದರು. ಆಗ ಶ್ರೀರಾಮುಲುವಿನ ಕಾರು ಬಂತು. ಪತ್ತಿಕೊಂಡದ ಕಡೆಯ ದಪ್ಪ ಆಸಾಮಿ. ಐದು ವರ್ಷ ದಿನವೂ ಫೋನಿನಲ್ಲಿ ಮಾತಾಡಿದವನು, ಮುಖಾಮುಖಿ ನೋಡಿದ್ದು ಎರಡೇ ಸಲ. ವಿಮಾನದ ಕಂಬ ಹಿಡಿದು ಮಗುವಿನ ಹಾಗೆ ಅತ್ತ.

ಕ್ರಿಯೆ ಮಾಡಿಸಲು ಬಂದ ಪಂಚಾಕ್ಷರಯ್ಯನವರು, "ಏನರ ಎರಡು ಮಾತು ಆಡಪಾ, ಇಲ್ಲಿ ಯಾರಿಗೂ ಆತನ ಕೆಲಸ ಗೊತ್ತಿಲ್ಲ," ಎಂದರು.

ಶ್ರೀರಾಮುಲು ಮೂಗು ಒರೆಸಿಕೊಂಡ. "ಏಂ ಚೆಪ್ಪಾಲಿ ಸ್ವಾಮೀ, ಏನಂತ ಹೇಳ್ಲಿ... ಒಂದು ಟೆಸ್ಟ್ ಇತ್ತು. ಇನ್ನೂರು ಸಲ ಓಡಿಸಿದ್ರ ಒಂದು ಸಲ ಕೆಂಪು. ತೆಗದು ಬಿಸಾಕ್ರಿ ಅಂದ್ವಿ ನಾವೆಲ್ಲಾ. ಅಣ್ಣ ಕೇಳಲಿಲ್ಲ. ಒಂದು ಸಲ ಕೆಂಪು ಬಂತಂದ್ರ ಒಳಗ ಏನೋ ಐತಿ, ಮಳ್ಳಿ ಅಂತ ಅನ್ನಾದು ನಮ್ಮ ಸೋಮಾರಿತನ ಅಂದ್ರು. ಮೂರು ದಿನ ಕುಂತು ಹುಡುಕಿದ್ರು. ನಿಜಂಗಾನೇ ತಪ್ಪಿತ್ತು. ಆ ಚಿಪ್ಪು ಹಂಗ ಹೊರಗ ಬಂದಿದ್ರ ಏನಾಗ್ತಿತ್ತೋ. ಅಂಥಾ ಮನುಷ್ಯ."

ಜನ ಲೊಚಗುಟ್ಟಿದರು. ಅರ್ಥವಾಗದಿದ್ದರೂ ದೊಡ್ಡ ಮಾತೆಂದು ಎಲ್ಲರಿಗೂ ಅನ್ನಿಸಿತು. ಗಂಗೋತ್ರಿಗೆ ಒಬ್ಬಳಿಗೇ ಅದು ಅರ್ಥವಾಯಿತು.

ಬೆಳಿಗ್ಗೆಯಿಂದ ಬಂದವರೆಲ್ಲ ಹಚ್ಚಿದ ವಿಭೂತಿಯನ್ನು ಬಜಾರಪ್ಪ ಒದ್ದೆ ಬಟ್ಟೆಯಿಂದ ಒರೆಸಿದ. ಕೊನೆಯ ವಿಭೂತಿ ಹೆಂಡತಿಯದು, ಅದು ಆ ಮನೆತನದ ಪದ್ಧತಿ. ಅಯ್ಯನವರು ಬಟ್ಟಲು ಮುಂದೆ ಹಿಡಿದರು. ಗಂಗೋತ್ರಿ ಮೂರು ಬೆರಳು ಅದ್ದಿದಳು. ಕೈ ಹಣೆಯ ಕಡೆ ಹೋಗಲಿಲ್ಲ. ಅವಳು ಶ್ರೀರಾಮುಲುವಿನ ಕಡೆ ತಿರುಗಿದಳು.

"ನಿನ್ನೆ ಒಂದು ಕೆಂಪು ಬಂದಿತ್ತಲ್ಲಪಾ. ಏನದು?"

"ನಿನ್ನೆನಾ, ವದಿನಾ?"

"ನಿನ್ನೆ, ಶುಕ್ರವಾರ. ಸೋಮವಾರ ಓಡಿಸಿ ನೋಡು ಅಂತ ನಿಮ್ಮ ಆಫೀಸಿನಾಗ ಯಾರೋ ಅಂದಿದ್ರಂತಲ್ಲಾ." ಅವಳ ದನಿ ಭಿಕ್ಷೆ ಬೇಡುವಂತಿತ್ತು. "ನೀನ ಅಂದಿರಬೇಕು. ನೆನಪು ಮಾಡಿಕೋ."

ಗಂಡನ ಕೆಲಸ ಅರ್ಧಕ್ಕೆ ಉಳಿಯಿತೆಂದು ಅತ್ತಿಗೆ ಕೊರಗುತ್ತಿದ್ದಾಳೆ ಎಂದುಕೊಂಡ ಆ ಪುಣ್ಯಾತ್ಮ. ಅವಳಿಗೆ ಸಮಾಧಾನ ಹೇಳಬೇಕಲ್ಲ.

"ಏಂ ಲೇದು ವದಿನಾ, ಏನೂ ಇಲ್ಲ. ಆ ಚಿಂತಿ ಬಿಡ್ರಿ ನೀವು. ಹದಿನೈದು ದಿನದಿಂದ ಒಂದಂದ್ರ ಒಂದು ಕೆಂಪಿಲ್ಲ. ಎಲ್ಲಾ ಹಸಿರು. ಅಣ್ಣ ಅಷ್ಟು ಚಂದ ಇಟ್ಟು ಹೋಗ್ಯಾರ. ನೋಡ್ರಿ ಬೇಕಂದ್ರ," ಎಂದು ಫೋನು ತೆಗೆದು ನಿನ್ನೆಯ ಪಟ್ಟಿ ತೋರಿಸಿದ.

ಗಂಗೋತ್ರಿ ಫೋನು ಕಸಿದುಕೊಂಡಳು. ಹೆಬ್ಬೆರಳಿನಿಂದ ಪಟ್ಟಿಯನ್ನು ಸರಿಸಿದಳು. ಹಸಿರು. ಮತ್ತೆ ಸರಿಸಿದಳು. ಹಸಿರು. ಮೂರು ಸಾವಿರದಲ್ಲಿ ಒಂದಾದರೂ ಇರಬೇಕು, ಒಂದೇ ಒಂದು. "ಹೊತ್ತಾತವ್ವ, ಹಣಿಗೆ ಹಚ್ಚು," ಎಂದರು ಅಯ್ಯನವರು. ಹೊರುವವರು ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಗ್ಗಿದರು. ಅವಳು ಸರಿಸುತ್ತಲೇ ಇದ್ದಳು. ಪಟ್ಟಿ ಮುಗಿಯಿತು, ಬೆರಳು ಎಷ್ಟು ಎಳೆದರೂ ಮುಂದೆ ಹೋಗಲಿಲ್ಲ.

"ಹೇಳಿದ್ರು, ಅತ್ತೀ," ಎಂದಳು. "ನನಗ ಹೇಳಿದ್ರು."

ಹೂವಮ್ಮ ಕಣ್ಣೊರೆಸಿಕೊಂಡು ತಲೆ ಎತ್ತಿದಳು. "ಏನಂತ ಹೇಳಿದ್ನವ್ವ?"

ಗಂಗೋತ್ರಿ ಮತ್ತೆ ಫೋನಿಗೆ ಬಗ್ಗಿದಳು. ಕಾಣದ್ದು ಇನ್ನೂ ಏನೋ ಇದೆ ಎನ್ನುವಂತೆ ಮೂರು ಬೆರಳಿನಿಂದ ಗಾಜನ್ನು ಎಡದಿಂದ ಬಲಕ್ಕೆ ಒರೆಸಿದಳು. ವಿಮಾನದಲ್ಲಿ ಕೂತವನ ಹಣೆ ಬರಿದಾಗಿತ್ತು. ಅವಳ ಕೈಯಲ್ಲಿ, ಫೋನಿನ ಹಸಿರು ಸಾಲುಗಳ ಮೇಲೆ, ಒದ್ದೆ ವಿಭೂತಿಯ ಮೂರು ಗೆರೆ ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತಿದ್ದವು.