ಕೆಂಪಗಾದ ಕರಡಿಗೆ

ಗಂಗಾಂಬಿಕೆ ಬೆಳಗಿನ ಪೂಜೆಗೆ ಕೂತರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ. ಪಕ್ಕದ ಮಣೆಯ ಮೇಲೆ, ಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಕರಡಿಗೆ, ಬಾಯಿ ತೆರೆದುಕೊಂಡು. ತುಮಕೂರಿನ ಸದಾಶಿವನಗರದ ಆ ಮನೆಯಲ್ಲಿ ಹಾಲಿಗೂ ದೇವರ ಕೋಣೆಗೂ ನಡುವೆ ಬಾಗಿಲಿರಲಿಲ್ಲ. ಪೇಪರ್ ಓದುತ್ತ ಕೂತಿದ್ದ ಮಗ ಬಸವಪ್ರಭುವಿನ ಕಣ್ಣು ಅವತ್ತು ಕರಡಿಗೆಯ ಮೇಲೆ ಬಿತ್ತು. ಮುಚ್ಚಳ ಬಂದು ಉಜ್ಜುವ ಅಂಚಿನಲ್ಲಿ ಬೆಳ್ಳಿ ಸವೆದು ಕೆಂಪಗೆ ಕಾಣುತ್ತಿತ್ತು.

ಬೆಳ್ಳಿ ಕಪ್ಪಾಗುತ್ತದೆ, ಅದು ಅವನಿಗೆ ಗೊತ್ತಿತ್ತು. ಕೆಂಪಾಗುವುದು ಯಾವ ಬೆಳ್ಳಿ?

ಪೂಜೆ ಮುಗಿದ ಮೇಲೆ ಕೇಳಿದ. "ಅಮ್ಮ, ಕರಡಿಗೆ ಬಾಯಿ ಕೆಂಪಗಾಗಿದೆಯಲ್ಲ?"

"ಕುಂಕುಮ ತಾಗಿರ್ಬೇಕು ಬುಡು," ಎಂದಳು ಗಂಗಾಂಬಿಕೆ, ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತ.

ಅಪ್ಪ ಹೋದ ಮೇಲೆ ಅವಳ ಪೂಜೆಯಲ್ಲಿ ವಿಭೂತಿಯ ಹೊರತು ಬೇರೇನೂ ಇರುತ್ತಿರಲಿಲ್ಲ. ಅಮ್ಮ ಸುಳ್ಳು ಹೇಳುವುದನ್ನು ಬಸವಪ್ರಭು ನೋಡಿದ್ದು ಅಪರೂಪ. ಅವಳು ಯಾರನ್ನೋ ಕಾಪಾಡುತ್ತಿದ್ದಾಳೆ ಅನ್ನಿಸಿತು.

ಹಿಂದಿನ ವರ್ಷ ಅಣ್ಣತಮ್ಮ ಸೇರಿ ಕೊಡಿಸಿದ ಕರಡಿಗೆ ಅದು. ದುಡ್ಡು ಇಬ್ಬರದು. ತುಮಕೂರು ಪೇಟೆಯ ಚನ್ನವೀರಯ್ಯನವರ ಅಂಗಡಿಗೆ ಹೋಗಿ ತಂದವನು ಮಾತ್ರ ತಮ್ಮ ಗುರುಪ್ರಕಾಶ್; ಕುಣಿಗಲ್‌ನಲ್ಲಿ ಬೈಕ್ ಸಾಮಾನಿನ ಅಂಗಡಿ ಇಟ್ಟುಕೊಂಡವನು. ಬಿಲ್ಲಿನಲ್ಲಿ ನೂರಕ್ಕೆ ತೊಂಬತ್ತೆರಡೂವರೆ ಬೆಳ್ಳಿ ಎಂದಿತ್ತು, ಕರಡಿಗೆಯ ತಳದಲ್ಲೂ ಅದೇ ಅಂಕಿ. ಆದರೆ ತಂದ ದಿನವೇ ಗುರು ಅದನ್ನು ಅಮ್ಮನ ಕೈಗೆ ಕೊಟ್ಟಿರಲಿಲ್ಲ. ಒಳ್ಳೆ ಸೋಮವಾರ ಬರಲಿ ಎಂದು ಕುಣಿಗಲ್‌ನಲ್ಲೇ ಇಟ್ಟುಕೊಂಡಿದ್ದ. ಆಗ ಅದು ಭಕ್ತಿ ಅನ್ನಿಸಿತ್ತು. ಈಗ ಬೇರೇನೋ ಅನ್ನಿಸತೊಡಗಿತು. ಅದೇ ತಿಂಗಳು ಅವನು ಅಂಗಡಿಗೆ ಹೊಸ ಷಟರ್ ಹಾಕಿಸಿದ್ದೂ ನೆನಪಾಯಿತು. ಅನುಮಾನಕ್ಕೆ ಒಂದು ಸಲ ಬಾಗಿಲು ತೆಗೆದರೆ ಷಟರಿಗೂ ಅರ್ಥ ಬರುತ್ತದೆ.

ಫೋನ್ ಮಾಡಿದ. ಅದೂ ಇದೂ ಮಾತಾಡಿ, ಕೊನೆಗೆ, "ಆ ಕರಡಿಗೆ ಅಂಗಡೀಲಿ ಕೊಟ್ಟಿದ್ದೇ ತಾನೇ ನೀನು ಅಮ್ಮಂಗೆ ಕೊಟ್ಟಿದ್ದು?" ಎಂದ.

ಆ ಕಡೆ ಯಾರೋ ಗಿರಾಕಿ ಬ್ರೇಕ್ ವೈರಿಗೆ ಚೌಕಾಸಿ ಮಾಡುತ್ತಿದ್ದ. ಗುರು ಕೇಳಿದ: "ಏನಣ್ಣ ಹಂಗಂದ್ರೆ?"

"ಏನಿಲ್ಲ. ಕೇಳ್ದೆ."

"ಕೇಳಾಯ್ತಲ್ಲ," ಎಂದು ಗುರು ಫೋನಿಟ್ಟ.

ಬಸವಪ್ರಭು ಗ್ರಾಹಕ ಸಹಾಯವಾಣಿಗೂ ಫೋನ್ ಮಾಡಿ ವಿಚಾರಿಸಿದ. ಬಿಲ್ಲಿನಲ್ಲಿ ಬರೆದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಬದಲಿ, ವಾಪಸು, ಪರಿಹಾರ ಕೇಳುವ ಹಕ್ಕಿದೆ ಎಂದರು. ಅಂಗಡಿಯವರು ಒಪ್ಪದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಎಲ್ಲಕ್ಕೂ ಮೊದಲು ವಸ್ತುವಿನ ಪರೀಕ್ಷೆ ಆಗಿರಬೇಕು.

ಕರಡಿಗೆಯ ಫೋಟೋ ಹಿಡಿದು ಒಬ್ಬನೇ ಚನ್ನವೀರಯ್ಯನವರ ಅಂಗಡಿಗೆ ಹೋದ. ಹಣೆ ತುಂಬ ವಿಭೂತಿಯಿಟ್ಟ ಹಿರಿಯರು ಎದ್ದು ನಿಂತು, "ಶರಣು ಬನ್ನಿ," ಎಂದರು. ಫೋಟೋ ಹಿಗ್ಗಿಸಿ ನೋಡಿದರು.

"ಇದು ನಮ್ದೇ. ನಮ್ಮ ಮುದ್ರೆ, ನಮ್ಮ ಕೆಲಸದೋರ ಕೈ. ಕತ್ಲಲ್ಲಿ ಮುಟ್ಟಿದ್ರೂ ಹೇಳ್ತೀನಿ."

"ಅಂಚು ಕೆಂಪಾಗಿದೆ."

"ಬೆವರು ಸಾರ್. ಕೆಲವ್ರ ಮೈ ಹಂಗೆ."

"ಪರೀಕ್ಷೆ ಮಾಡಿಕೊಡ್ತೀರಾ?"

"ಓಹೋ, ಧಾರಾಳವಾಗಿ. ಮಿಷನ್ ಇಲ್ಲೇ ಇದೆ, ತನ್ನಿ." ಆಮೇಲೆ ನಕ್ಕು ಸೇರಿಸಿದರು, "ಆದ್ರೆ ಲಿಂಗ ಇಳಿಸಿ ಕರಡಿಗೇನ ಯಾರು ಅಂಗ್ಡಿಗೆ ತರ್ತಾರೆ ಹೇಳಿ? ಇಷ್ಟು ವರ್ಷದ ವ್ಯಾಪಾರದಲ್ಲಿ ಚೊಂಬು ಬಂದಿದೆ, ಕಾಲುಚೈನು ಬಂದಿದೆ. ಕರಡಿಗೆ ಅಂತ ಒಂದೂ ವಾಪಸ್ ಬಂದಿಲ್ಲ."

ದಾರಿಯುದ್ದಕ್ಕೂ ಆ ಮಾತು ತಲೆಯಲ್ಲೇ ಸುತ್ತುತ್ತಿತ್ತು. ಕೊರತೆ ಇಲ್ಲವೆಂದು ವಾಪಸು ಬಂದಿಲ್ಲವೋ, ವಾಪಸು ಬರುವುದಿಲ್ಲ ಎಂದೇ ಕೊರತೆ ಮಾಡುತ್ತಾರೋ? ಲಿಂಗವನ್ನು ಮೈಯಿಂದ ಅಗಲಿಸಬಾರದು; ಹಾಗಾಗಿ ಮಾರಿದ ಮೇಲೆ ಇಳಿಸಿ ನೋಡಲಾಗದ ವಸ್ತು ಇಡೀ ಅಂಗಡಿಯಲ್ಲಿ ಅದೊಂದೇ.

ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ಅವಳ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಯಿತು.

"ಮೈ ಮೇಲಿನ ಲಿಂಗ ಇಳಿಸಿ ಅಂಗಡಿಯೋರ ಕೈಗೆ ಡಬ್ಬಿ ಕೊಡೋದಾ? ಬೇಡ ಕಣೋ. ತಾಮ್ರಾನೋ, ಹಿತ್ತಾಳೇನೋ, ನಂಗೇನು. ಒಳಗಿರೋದು ಸರಿಯಾಗಿದ್ರೆ ಸಾಕು."

"ಅವ್ರು ನೋಡಿದ್ದು ಬರೀ ಫೋಟೋ. ಹಂಗಾದ್ರೆ ಗುರುನೇ ಬದಲಾಯ್ಸಿದ್ದು ಅಂದ್ಕೊಂಡು ಸುಮ್ನಿರೋದಾ?"

ಗಂಗಾಂಬಿಕೆ ಮೊರ ಹತ್ತಿರಕ್ಕೆ ಎಳೆದುಕೊಂಡಳು. ಥೂ ಎನ್ನಲಿಲ್ಲ, ನಿನಗೆ ಬುದ್ಧಿ ಇದೆಯೇನೋ ಎನ್ನಲಿಲ್ಲ. ಹುರುಳಿಕಾಯಿ ನಾರು ತೆಗೆಯತೊಡಗಿದಳು. ಬೈಯಬೇಕಾದ ಕಡೆ ಅವಳು ಬೈಯದೇ ಹೋದದ್ದು ಅವನನ್ನು ಹೆದರಿಸಿತು.

ಮಾರನೆಯ ದಿನ ಪೂಜೆ ಮುಗಿಸಿ, ಒಳ್ಳೆಯ ಸೀರೆಯುಟ್ಟು, ಅವಳೇ ಚಪ್ಪಲಿ ಮೆಟ್ಟಿ ನಿಂತಿದ್ದಳು. "ನಡಿ, ಹೋಗ್ಬರಣ. ಆ ಮಾತು ಬಾಯಿಗೆ ಬಂದ್ಮೇಲೆ ಇನ್ ಸುಮ್ನಿರಕ್ಕಾಗಲ್ಲ," ಎಂದಳು.

ಅಂಗಡಿಯಲ್ಲಿ ಗುಬ್ಬಿ ಕಡೆಯ ದಂಪತಿಗಳು ಮಗಳ ಲಿಂಗದೀಕ್ಷೆಗೆ ಕರಡಿಗೆ ಆರಿಸುತ್ತಿದ್ದರು. ಗಂಗಾಂಬಿಕೆ ಯಾರನ್ನೂ ಕೇಳದೆ ಗಿರಾಕಿಗಳು ಕೂರುವ ಮೆತ್ತೆಯ ಮೇಲೆ ಪದ್ಮಾಸನ ಹಾಕಿ ಕೂತಳು. ಕೈ ತೊಳೆಯಲು ನೀರು ಕೇಳಿದಳು. ಕಣ್ಣುಮುಚ್ಚಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಎಡ ಅಂಗೈಗೆ ಇಳಿಸಿಕೊಂಡಳು. ಬಲಗೈಯಲ್ಲಿ ಬರಿದಾದ ಕರಡಿಗೆಯನ್ನು ಮುಂದೆ ಚಾಚಿದಳು.

"ನೋಡಿ ಹೇಳಿ. ಅಲ್ಲೀವರ್ಗೂ ಇಲ್ಲೇ ಪೂಜೇಲಿ ಕೂತಿರ್ತೀನಿ."

ಚನ್ನವೀರಯ್ಯನವರ ಮುಖದ ಮೇಲಿನ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. "ತಾಯಿ, ಮಿಷನ್ ಸರ್ವಿಸಿಗೆ..." ಎಂದು ಶುರುಮಾಡಿದರು.

"ನಿನ್ನೆ ಧಾರಾಳವಾಗಿ ಅಂದ್ರಲ್ಲ," ಎಂದ ಬಸವಪ್ರಭು. "ನಮ್ದೇ ಅಂತಾನೂ ಅಂದ್ರಿ."

ಗುಬ್ಬಿಯ ಹೆಂಗಸು ಕೈಯಲ್ಲಿದ್ದ ಕರಡಿಗೆಯನ್ನು ತಿರುಗಿಸಿ ತಳದ ಅಂಕಿ ನೋಡಿದಳು. "ನಮ್ದೂ ಹಾಕಿ ನೋಡ್ಬುಡಿ ಯಜಮಾನ್ರೇ, ಹೆಂಗೂ ಆನ್ ಮಾಡ್ತೀರಲ್ಲ."

ಬೇರೆ ದಾರಿ ಇರಲಿಲ್ಲ. ಮಿಷನ್ ಪರದೆಯ ಮೇಲೆ ಬಂದ ಬೆಳ್ಳಿ ನೂರಕ್ಕೆ ಅರವತ್ತೂ ಮುಟ್ಟಲಿಲ್ಲ. ಗುಬ್ಬಿಯವರದೂ ಹೆಚ್ಚುಕಡಿಮೆ ಅಷ್ಟೇ. ಆ ದಂಪತಿಗಳು ಎದ್ದು ಹೋದರು.

"ಕೆಲಸದೋರು ಮೋಸ ಮಾಡವ್ರೆ ತಾಯಿ. ಬೇರೆ ಕೊಡ್ತೀನಿ, ಹೊಸದು, ಭಾರದ್ದು. ಈ ವಿಷ್ಯ ಇಲ್ಲಿಗೇ..."

"ನಿಮ್ಮ ಡಬ್ಬಿ ಇನ್ ಬೇಡ," ಎಂದಳು ಗಂಗಾಂಬಿಕೆ. ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. "ಮಿಷನ್ ಏನು ಹೇಳ್ತೋ ಅದನ್ನ ಬರ್ದು ಸೈನ್ ಹಾಕ್ಕೊಡಿ. ಆಯೋಗಕ್ಕೆ ಕೊಡ್ತೀವಿ."

ಹೊರಗೆ ಬಂದಾಗ ಬಸವಪ್ರಭುವಿಗೆ ಗೆದ್ದಂತೆ ಅನ್ನಿಸಲಿಲ್ಲ. ಅಮ್ಮ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, "ಗುರುಗೆ ಫೋನ್ ಮಾಡು. ಸ್ಪೀಕರ್ ಹಾಕು," ಎಂದಳು.

ಅವನು ಎಲ್ಲ ಹೇಳಿದ. ಮೋಸ ಅಂಗಡಿಯದು, ನಾನು ಹಾಗೆ ಕೇಳಬಾರದಿತ್ತು ಎಂದ. ಗುರು ಕೇಳಿಸಿಕೊಂಡ. ಆಮೇಲೆ ಬೇರೆಯೇ ಧ್ವನಿಯಲ್ಲಿ ಕೇಳಿದ: "ನಿನ್ ಮಾತು ಬುಡಣ್ಣ. ಅಮ್ಮ ಇಷ್ಟು ದಿನ ಅದನ್ನ ನೋಡಿನೂ ಸುಮ್ನಿದ್ಲಲ್ಲ. ಅಮ್ಮಂಗೂ ನನ್ ಮೇಲೇ ಅನುಮಾನ ಇತ್ತಾ?"

ಬಸವಪ್ರಭು ಅಮ್ಮನ ಮುಖ ನೋಡಿದ. ಇಲ್ಲ ಅನ್ನು ಎಂದು ಕಣ್ಣಲ್ಲೇ ಬೇಡಿದ. ಅವಳು ಎದೆಯ ಮೇಲಿನ ಬಟ್ಟೆಯ ಗಂಟನ್ನು ಹಿಡಿದುಕೊಂಡು ಫೋನಿನ ಕಡೆ ಬಾಗಿದಳು.

"ಇತ್ತು ಕಣಪ್ಪ," ಎಂದಳು. "ನೀನೇ ಆಗಿದ್ರೆ ಗೊತ್ತಾಗೋದು ಬೇಡ ಅಂತ್ಲೇ ಲಿಂಗ ಇಳಿಸಲ್ಲ ಅಂದಿದ್ದು."

ಕುಣಿಗಲ್‌ನ ಅಂಗಡಿಯಲ್ಲಿ ಯಾರೋ ಏನೋ ಕೇಳಿದರು. ಬಸ್ಸು ಬಂದು ನಿಂತು ಹೋಯಿತು. ಮೂವರಲ್ಲಿ ಯಾರೂ ಫೋನಿಡಲಿಲ್ಲ.